ಮಕ್ಕಳ ರಿಕೆಟ್ಸ್ ಕಾಯಿಲೆ ಮತ್ತು ನಮ್ಮ ಮನೆಯ ಹಾಲು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಡೈರಿ ಕಟ್ಟಡದ ಮುಂದೆ ನಡೆದ ತಾಯಿ-ಮಕ್ಕಳ ಆರೋಗ್ಯ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದಲ್ಲಿ ಸಂಘದ ಏಳಿಗೆ ಬಗ್ಗೆ ಮಾತಾಡೋರು ಬಹಳ ಜನ ಇದ್ದಾರೆ. ಎಷ್ಟು ಲೀಟರಿನಿಂದ ಶುರುವಾಗಿ ಎಷ್ಟಕ್ಕೆ ಬಂತು, ಬಲ್ಕ್ ಕೂಲರ್ ಹೇಗೆ ಬಂತು, ಇದನ್ನೆಲ್ಲ ಕಾರ್ಯದರ್ಶಿಗಳು ವರದಿಯಲ್ಲಿ ಓದುತ್ತಾರೆ. ನನಗೆ ಕೊಟ್ಟಿರುವ ವಿಷಯ ಬೇರೆ. ಮಕ್ಕಳಿಗೆ ಬರುವ ರಿಕೆಟ್ಸ್ ಅನ್ನೋ ಮೂಳೆ ಕಾಯಿಲೆ ಬಗ್ಗೆ ಮಾತಾಡಿ ಅಂದರು. ನಾನು ಡಾಕ್ಟರಲ್ಲ, ಎಸ್.ಎಸ್.ಎಲ್.ಸಿ. ಓದಿ ಹೊಲಕ್ಕೆ ಇಳಿದವನು. ಆದರೆ ಈ ಕಾಯಿಲೆ ನಮ್ಮ ಮನೆಗೇ ಬಂದು ಹೋಗಿದೆ. ಹಾಗಾಗಿ ಒಪ್ಪಿಕೊಂಡೆ. ಈ ಮಾತಿಗಾಗಿ ಸ್ವಲ್ಪ ಓದಿಕೊಂಡೂ ಬಂದಿದ್ದೇನೆ.

ಮೊದಲು ಒಂದು ಪ್ರಶ್ನೆ. ನಮ್ಮಲ್ಲಿ ಹಸು ಕರೆಯೋವಾಗ ಕರುವಿಗೆ ಅಂತ ಒಂದು ಮೊಲೆ ಹಾಲು ಬಿಟ್ಟು ಕರೀತೀವಿ. ಕರುವಿನ ಪಾಲು ಅದು, ತೆಗೆದರೆ ಪಾಪ ಅಂತೀವಿ. ಸರಿಯಾದ ಮಾತೇ. ಹಾಗೆ ಮನೆಯ ಮಕ್ಕಳ ಪಾಲು ಅಂತ ಡೈರಿಗೆ ಬರೋ ಮುಂಚೆ ಎಷ್ಟು ಜನ ತೆಗೆದಿಡ್ತೀರಿ? ಕೈ ಎತ್ತಬೇಡಿ, ಮನಸ್ಸಲ್ಲೇ ಹೇಳಿಕೊಳ್ಳಿ. ನಾನು ತೆಗೆದಿಡುತ್ತಿರಲಿಲ್ಲ.

2008ರಲ್ಲಿ ನಾನು ಬ್ಯಾಂಕ್ ಸಾಲ ಮಾಡಿ ಎರಡು ಸೀಮೆಹಸು ತಂದೆ. ಅದೇ ವರ್ಷ ನಮ್ಮ ಎರಡನೇ ಮಗಳು ಹುಟ್ಟಿದ್ದು. ಸಾಲದ ಕಂತು ತಲೆ ಮೇಲೆ ಕೂತಿತ್ತು. ಬೆಳಿಗ್ಗೆ ಎಂಟು ಲೀಟರು, ಸಂಜೆ ಆರು ಲೀಟರು, ಕರೆದ ಹಾಲೆಲ್ಲ ಡೈರಿಗೆ. ಮನೆಗೆ ಕಾಫಿಗೆ ಅಂತ ಕಾಲು ಲೀಟರು, ಅದಕ್ಕೂ ನೀರು. ಬಟವಾಡೆ ದಿನ ಪಾಸ್ ಪುಸ್ತಕ ನೋಡಿಕೊಂಡು ಖುಷಿಪಡ್ತಿದ್ದೆ. ಮಗು ಹುಷಾರಾಗೇ ಇತ್ತು. ಗುಂಡುಗುಂಡಾಗಿತ್ತು ಕೂಡ. ಇದನ್ನ ಗಮನಿಸಬೇಕು, ರಿಕೆಟ್ಸ್ ಬರೋ ಮಗು ಒಣಕಲಾಗೇ ಇರಬೇಕು ಅಂತಿಲ್ಲ.

ಒಂದು ವರ್ಷ ತುಂಬಿದರೂ ಎದ್ದು ನಿಲ್ಲಲಿಲ್ಲ. ಒಂದೂಕಾಲು ವರ್ಷವಾದರೂ ಹಲ್ಲು ಎರಡೇ. ಮಲಗಿದರೆ ತಲೆಯೆಲ್ಲ ಬೆವರು, ದಿಂಬು ಒದ್ದೆ. ನಮ್ಮವ್ವ, "ನಿನ್ನ ಅಕ್ಕನೂ ಎರಡು ವರ್ಷಕ್ಕೆ ನಡೆದಿದ್ದು ಕಣಪ್ಪ, ಸುಮ್ನಿರು" ಅಂದಳು. ಆಮೇಲೆ ಅವಳಿಗೇ ಅನುಮಾನ ಬಂದು ದೃಷ್ಟಿ ತೆಗೆದಳು, ತಾಯತ ಕಟ್ಟಿಸಿದಳು. ಒಬ್ಬ ಖಾಸಗಿ ಡಾಕ್ಟರ ಹತ್ತಿರ ಹೋದೆವು. ಹಸಿವಿಗೆ ಅಂತ ಒಂದು ಟಾನಿಕ್ ಬರೆದುಕೊಟ್ಟರು. ಎರಡು ಬಾಟಲಿ ಮುಗಿಯಿತು. ಒಂದೂವರೆ ವರ್ಷಕ್ಕೆ ಗೋಡೆ ಹಿಡಿದು ನಿಲ್ಲೋಕೆ ಶುರು ಮಾಡಿತು. ಆಗ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗುತ್ತಿರೋದು ಕಂಡಿತು.

ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಕಾಲು ಮುಟ್ಟಲೇ ಇಲ್ಲ, ಮೊದಲು ಮಗುವಿನ ಕೈ ಹಿಡಿದು ಮಣಿಕಟ್ಟು ನೋಡಿದರು. "ನೋಡಿ, ಬಳೆ ಹಾಕೋ ಜಾಗ ಎರಡು ಪಟ್ಟು ದಪ್ಪ ಇದೆ" ಅಂದರು. ನಾವು ದಿನಾ ಎತ್ತಿ ಆಡಿಸುತ್ತಿದ್ದೆವು, ಕಂಡಿರಲಿಲ್ಲ. ಆಮೇಲೆ ಎದೆಯ ಮೇಲೆ ಬೆರಳಾಡಿಸಿದರು. ಪಕ್ಕೆಲುಬಿನ ತುದಿಗಳಲ್ಲಿ ಮಣಿ ಪೋಣಿಸಿದ ಹಾಗೆ ಗಂಟು ಗಂಟು. ನೆತ್ತಿ ಮುಟ್ಟಿದರು, ಆ ವೇಳೆಗೆ ಕೂಡಿಕೊಳ್ಳಬೇಕಾಗಿದ್ದ ನೆತ್ತಿ ಇನ್ನೂ ಅಗಲವಾಗಿ ಮೆತ್ತಗಿತ್ತು. ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರು, ರಕ್ತ ಪರೀಕ್ಷೆ ಬರೆದರು. ಎಕ್ಸ್‌ರೇಯಲ್ಲಿ ಮೂಳೆಯ ತುದಿ ನೇರವಾಗಿ ಮುಗಿಯೋ ಬದಲು ಬಟ್ಟಲಿನ ಹಾಗೆ ಗುಳಿ ಬಿದ್ದು, ಅಂಚು ಹಳೇ ಪೊರಕೆ ತರಹ ಹರಿದು ಹೋಗಿತ್ತು.

ಆಮೇಲೆ ಕೇಳಿದರು, "ಮನೇಲಿ ಹಸು ಇದೆಯಾ?"

"ಎರಡಿವೆ ಮೇಡಂ."

"ಎಷ್ಟು ಹಾಲಾಗುತ್ತೆ?"

"ಹದಿನಾಲ್ಕು ಲೀಟರು." ಸ್ವಲ್ಪ ಜಂಬದಲ್ಲೇ ಹೇಳಿದೆ ಅನ್ನಿ.

"ಮಗುಗೆ ಎಷ್ಟು ಕೊಡ್ತೀರಿ?"

ನಮ್ಮ ಮನೆಯವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಇನ್ನು ಕಾಯಿಲೆ ವಿಚಾರಕ್ಕೆ ಬರುತ್ತೇನೆ. ಬೆಳೆಯೋ ಮಗುವಿನ ಮೂಳೆಯ ತುದಿ ಮೊದಲು ಮೆತ್ತಗಿರುತ್ತೆ. ಅಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಮತ್ತು ರಂಜಕದ ಅಂಶ ಕೂತುಕೊಂಡು ಗಟ್ಟಿಯಾಗಬೇಕು. ಕೂರದಿದ್ದರೆ ತುದಿ ಮೆತ್ತಗೇ ಉಳಿದು ಅಗಲವಾಗುತ್ತಾ ಹೋಗುತ್ತೆ, ಮೈಭಾರ ಬಿದ್ದಾಗ ಕಾಲು ಬಾಗುತ್ತೆ. ಇದೇ ರಿಕೆಟ್ಸ್. ಕ್ಯಾಲ್ಸಿಯಂ ನಾವು ತಿನ್ನೋದರಲ್ಲಿ ಬರಬೇಕು. ಆದರೆ ಹೊಟ್ಟೆಗೆ ಬಂದ ಮಾತ್ರಕ್ಕೆ ಮೈಗೆ ಸೇರೋದಿಲ್ಲ. ಕರುಳಿನಿಂದ ರಕ್ತಕ್ಕೆ ಎತ್ತಿಕೊಂಡು ಹೋಗೋಕೆ ಡಿ ಜೀವಸತ್ವ ಬೇಕು. ಡೈರಿ ಲೆಕ್ಕದಲ್ಲಿ ಹೇಳೋದಾದರೆ ಹಾಲು ಎಷ್ಟು ಬಂದರೇನು, ಸಾಗಿಸೋ ಗಾಡಿ ಬರದಿದ್ದರೆ ಇಲ್ಲೇ ಒಡೆದು ಹೋಗುತ್ತಲ್ಲ, ಹಾಗೆ. ಗಾಡಿ ಬಂತು, ಹಾಲೇ ಇಲ್ಲ ಅಂದರೂ ಪ್ರಯೋಜನವಿಲ್ಲ. ಎರಡೂ ಬೇಕು.

ರಕ್ತದಲ್ಲಿ ಕ್ಯಾಲ್ಸಿಯಂ ಇಷ್ಟಿರಲೇಬೇಕು ಅಂತ ಒಂದು ಮಟ್ಟ ಇದೆ. ಗುಂಡಿಗೆ ಬಡಿಯೋಕೂ ನರ ಕೆಲಸ ಮಾಡೋಕೂ ಅದು ಬೇಕು. ಊಟದಲ್ಲಿ ಸಿಗದಿದ್ದಾಗ ಮೈ ಏನು ಮಾಡುತ್ತೆ, ಮೂಳೆಯಲ್ಲಿಟ್ಟಿರೋ ಠೇವಣಿಗೆ ಕೈ ಹಾಕುತ್ತೆ. ಠೇವಣಿಯಿಂದಲೂ ಹೊಂದಿಸೋಕೆ ಆಗದಿದ್ದರೆ ಮಗುವಿಗೆ ಫಿಟ್ಸ್ ಬರಬಹುದು. ಇದು ನಿಮಗೆ ಹೊಸದಲ್ಲ. ಚೆನ್ನಾಗಿ ಹಾಲು ಕೊಡೋ ಹಸು ಕರು ಹಾಕಿದ ಒಂದೆರಡು ದಿನದಲ್ಲಿ ಮೈ ತಣ್ಣಗಾಗಿ, ಕತ್ತು ಪಕ್ಕಕ್ಕೆ ತಿರುಗಿಸಿಕೊಂಡು ಬಿದ್ದುಬಿಡುತ್ತೆ. ಹಾಲು ಜ್ವರ ಅಂತೀವಿ. ಪಶು ವೈದ್ಯರು ಬಂದು ನರಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸುತ್ತಿದ್ದ ಹಾಗೆ ಎದ್ದು ನಿಲ್ಲುತ್ತೆ. ಒಂದೇ ಸಲ ಹಾಲಿಗೆ ಕ್ಯಾಲ್ಸಿಯಂ ಹೋಗಿ ರಕ್ತದಲ್ಲಿ ಕಮ್ಮಿಯಾಗಿದ್ದೇ ಅಲ್ಲಿ ಕಾರಣ. ಹಸುವಿಗೆ ರಾತ್ರಿ ಹನ್ನೆರಡು ಗಂಟೆಗೆ ಗಾಡಿ ತಗೊಂಡು ಡಾಕ್ಟರನ್ನ ಕರೆತರುತ್ತೇವೆ. ಸಂಘದಿಂದ ಖನಿಜ ಮಿಶ್ರಣದ ಪ್ಯಾಕೆಟ್ ಒಯ್ದು ಬೂಸಾ ಜೊತೆ ಕಲಸಿ ಹಾಕುತ್ತೇವೆ. ಮಗು ನಡೆಯೋದು ತಡವಾದರೆ ಮಾತ್ರ ಸುಮ್ನಿರು ಕಣಪ್ಪ ಅಂತೀವಿ.

ಡಿ ಜೀವಸತ್ವದ ವಿಶೇಷ ಏನಂದರೆ ಅದು ಊಟದಲ್ಲಿ ಬಹಳ ಕಮ್ಮಿ. ಮೊಟ್ಟೆಯ ಹಳದಿಯಲ್ಲಿ, ಕೆಲವು ಮೀನಿನಲ್ಲಿ ಸ್ವಲ್ಪ ಇದೆ. ನಾವು ಕರೆಯೋ ಹಾಲಿನಲ್ಲೂ ಇಲ್ಲವೆನ್ನುವಷ್ಟು ಕಮ್ಮಿ. ಮುಖ್ಯವಾಗಿ ಬಿಸಿಲು ಚರ್ಮಕ್ಕೆ ಬಿದ್ದಾಗ ಮೈಯಲ್ಲೇ ತಯಾರಾಗುತ್ತೆ. ಇದನ್ನು ಕಂಡುಹಿಡಿಯೋಕೆ ಜನಕ್ಕೆ ಮುನ್ನೂರು ವರ್ಷ ಹಿಡಿಯಿತು. ಇಂಗ್ಲೆಂಡಿನಲ್ಲಿ ಗ್ಲಿಸನ್ ಅನ್ನೋ ವೈದ್ಯರು 1650ರಲ್ಲೇ ಈ ಕಾಯಿಲೆ ಮೇಲೆ ದೊಡ್ಡ ಪುಸ್ತಕ ಬರೆದರು. ಆಮೇಲೆ ಕಾರ್ಖಾನೆ ಹೊಗೆ ಮುಚ್ಚಿಕೊಂಡ ಪಟ್ಟಣಗಳಲ್ಲಿ, ಬಿಸಿಲು ಬೀಳದ ಓಣಿಗಳಲ್ಲಿ ಮಕ್ಕಳೆಲ್ಲ ಸೊಟ್ಟಗಾಲಾದರು. 1919ರಲ್ಲಿ ಬರ್ಲಿನ್ನಿನ ಹುಲ್ಡ್‌ಶಿನ್ಸ್ಕಿ ಅನ್ನೋ ಡಾಕ್ಟರು ಬಿಸಿಲಿನಂಥ ಕಿರಣ ಕೊಡೋ ದೀಪವನ್ನು ಮಗುವಿನ ಒಂದೇ ತೋಳಿಗೆ ಬಿಟ್ಟರೆ ಎರಡೂ ತೋಳಿನ ಮೂಳೆ ವಾಸಿಯಾಗೋದನ್ನು ಎಕ್ಸ್‌ರೇ ಹಿಡಿದು ತೋರಿಸಿದರು. ಚರ್ಮದಲ್ಲಿ ಏನೋ ಹುಟ್ಟಿ ಮೈಯೆಲ್ಲ ಓಡಾಡುತ್ತೆ ಅಂತ ಆಗ ಗೊತ್ತಾಯಿತು. ಅದೇ ಹೊತ್ತಿಗೆ ಇಂಗ್ಲೆಂಡಿನ ಮೆಲನ್‌ಬಿ ಅನ್ನೋರು ಕಾಡ್ ಮೀನಿನ ಎಣ್ಣೆಯಿಂದ ನಾಯಿಮರಿಗಳ ರಿಕೆಟ್ಸ್ ತಡೆಯಬಹುದು ಅಂತ ತೋರಿಸಿದ್ದರು. 1922ರಲ್ಲಿ ಅಮೆರಿಕದ ಮೆಕಾಲಂ ಅದಕ್ಕೆ ವಿಟಮಿನ್ ಡಿ ಅಂತ ಹೆಸರಿಟ್ಟರು.

ಇನ್ನೊಬ್ಬರ ಹೆಸರು ಹೇಳಲೇಬೇಕು, ಯಾಕಂದರೆ ಅವರು ನಮ್ಮಂಥ ರೈತರ ಮನೆಯವರು. ಸ್ಟೀನ್‌ಬಾಕ್ ಅಂತ, ಅಮೆರಿಕದಲ್ಲಿ ಹೈನುಗಾರಿಕೆಗೆ ಹೆಸರಾದ ವಿಸ್ಕಾನ್ಸಿನ್ ರಾಜ್ಯದವರು. ಆಹಾರಕ್ಕೇ ಆ ಕಿರಣ ಹಾಯಿಸಿದರೆ ಅದರಲ್ಲಿ ಡಿ ಜೀವಸತ್ವ ಹುಟ್ಟುತ್ತೆ ಅಂತ 1924ರಲ್ಲಿ ತೋರಿಸಿದರು. ಕಂಪನಿಯವರು ದೊಡ್ಡ ಹಣ ಕೊಡ್ತೀವಿ, ಹಕ್ಕು ಕೊಡಿ ಅಂತ ಬಂದರಂತೆ. ಅವರು ಕೊಡದೆ, ವಿಶ್ವವಿದ್ಯಾಲಯದ ಸಂಶೋಧನೆಗೆ ಉಪಯೋಗವಾಗಲಿ ಅಂತ 1925ರಲ್ಲಿ ಒಂದು ಪ್ರತಿಷ್ಠಾನ ಮಾಡಿಸಿ ಅದಕ್ಕೆ ಬಿಟ್ಟುಕೊಟ್ಟರು. ಅಲ್ಲಿ ಹಾಲಿಗೆ ಡಿ ಸೇರಿಸೋದು ರೂಢಿಗೆ ಬಂದ ಮೇಲೆ ಆ ದೇಶದಲ್ಲಿ ರಿಕೆಟ್ಸ್ ಅಪರೂಪವಾಯಿತು. ನಮ್ಮ ದೇಶದಲ್ಲೂ ಪ್ಯಾಕೆಟ್ ಹಾಲಿಗೆ ಎ ಮತ್ತು ಡಿ ಸೇರಿಸೋಕೆ 2018ರಲ್ಲಿ ನಿಯಮ ಮಾಡಿದ್ದಾರೆ. ಆದರೆ ಕೊಟ್ಟಿಗೆಯಿಂದ ಒಳಮನೆಗೆ ಹೋಗೋ ಹಾಲಿಗೆ ಯಾರು ಸೇರಿಸುತ್ತಾರೆ?

ಬಿಸಿಲಿಗೆ ಬರ ಇಲ್ಲದ ನಮ್ಮ ನಾಡಿನಲ್ಲಿ ರಿಕೆಟ್ಸ್ ಯಾಕೆ ಬರಬೇಕು? ನನಗೂ ಇದೇ ಅರ್ಥವಾಗಿರಲಿಲ್ಲ. ಡಾಕ್ಟರಮ್ಮ ಒಂದೊಂದಾಗಿ ಬಿಡಿಸಿ ಹೇಳಿದರು. ನಮ್ಮಲ್ಲಿ ಬಾಣಂತಿ ಕೋಣೆಗೆ ಗಾಳಿ ಬೆಳಕು ಬಿಡೋದಿಲ್ಲ. ತಾಯಿ ಬಸುರಿಯಲ್ಲೂ ಬಿಸಿಲು ಕಾಣದೆ, ಬಾಣಂತನದಲ್ಲೂ ಕಾಣದೆ ಇದ್ದರೆ ಅವಳ ಮೈಯಲ್ಲೇ ಡಿ ಇರೋದಿಲ್ಲ, ಮಗುವಿಗೆ ಎಲ್ಲಿಂದ ಬರಬೇಕು? ಮಗುವಿಗೋ ಕುಲಾವಿ, ಸ್ವೆಟರು, ಕಾಲುಚೀಲ. ನಮ್ಮ ಕಪ್ಪು ಮೈಬಣ್ಣಕ್ಕೆ ಬೆಳ್ಳಗಿರೋರಿಗಿಂತ ಹೆಚ್ಚು ಹೊತ್ತು ಬಿಸಿಲು ಬೇಕು. ಕಿಟಕಿ ಗಾಜಿನ ಮೂಲಕ ಬರೋ ಬಿಸಿಲಿನಲ್ಲಿ ಆ ಕಿರಣ ಇರೋದಿಲ್ಲ. ನಮ್ಮವ್ವ ಎಣ್ಣೆ ನೀರು ಹಾಕಿ ಏಳು ಗಂಟೆ ಎಳೆಬಿಸಿಲಿನಲ್ಲಿ ಮಗುವನ್ನ ಮಲಗಿಸ್ತಿದ್ದಳು, ಒಳ್ಳೇ ಪದ್ಧತಿ, ಮೈ ಬೆಚ್ಚಗಾಗುತ್ತೆ. ಆದರೆ ಆ ಓರೆ ಬಿಸಿಲಿನಲ್ಲಿ ಡಿ ತಯಾರಾಗೋದು ತೀರಾ ಕಮ್ಮಿಯಂತೆ. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡ ಇರೋ ಹೊತ್ತಿನ ಬಿಸಿಲೇ ಕೆಲಸಕ್ಕೆ ಬರೋದು. ಹಾಗಂತ ಎಳೇ ಕೂಸನ್ನ ಆ ಸುಡು ಬಿಸಿಲಿಗೆ ಹಾಕಬೇಡಿ.

ಎಳೇ ಕೂಸಿಗೆ ಅದಕ್ಕೇ ಹನಿ ಔಷಧ ಇದೆ. ಆರು ತಿಂಗಳು ತಾಯಿಹಾಲು ಬಿಟ್ಟು ಬೇರೇನೂ ಬೇಡ, ಇದರಲ್ಲಿ ಎರಡು ಮಾತಿಲ್ಲ. ಆದರೆ ತಾಯಿಹಾಲಿನಲ್ಲಿ ಡಿ ಒಂದು ಕಮ್ಮಿ. ಹುಟ್ಟಿದ ಕೂಡಲೇ ಶುರು ಮಾಡಿ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ಡಿ ಹನಿ ಕೊಡಬೇಕು ಅಂತ ಮಕ್ಕಳ ವೈದ್ಯರ ಸಂಘದವರೇ ಹೇಳಿದ್ದಾರೆ. ಎಷ್ಟು ಹನಿ ಅನ್ನೋದು ಒಂದೊಂದು ಬಾಟಲಿಯಲ್ಲಿ ಒಂದೊಂದು ತರಹ, ಕೇಳಿ ತಿಳಿದುಕೊಳ್ಳಿ. ದೊಡ್ಡೋರಿಗೆ ಅಂತ 60,000 ಯೂನಿಟ್ಟಿನ ಮಾತ್ರೆ, ಪುಡಿ ಬರುತ್ತೆ. ಅದನ್ನ ಮೆಡಿಕಲ್ ಶಾಪಿನಿಂದ ನೀವೇ ತಂದು ಮಗುವಿಗೆ ಕರಗಿಸಿ ಕೊಡಬೇಡಿ. ಡಿ ಹೆಚ್ಚಾದರೆ ವಾಂತಿ, ಮಲಬದ್ಧತೆ ಆಗಿ ಮೂತ್ರಪಿಂಡ ಕೆಡುತ್ತೆ. ಗೊಬ್ಬರ ಒಳ್ಳೇದು ಅಂತ ಒಂದೇ ಗಿಡಕ್ಕೆ ಮೂಟೆ ಸುರೀತೀವಾ?

ಈಗ ಕ್ಯಾಲ್ಸಿಯಂ. ಬಿಸಿಲಿದ್ದರೂ ಕ್ಯಾಲ್ಸಿಯಂ ಇಲ್ಲದೆ ರಿಕೆಟ್ಸ್ ಬರುತ್ತೆ. ಬಾಂಗ್ಲಾದೇಶದ ಚಕಾರಿಯಾ ಅನ್ನೋ ಕಡೆ 1991ರ ಚಂಡಮಾರುತದ ಮೇಲೆ ಪರಿಹಾರಕ್ಕೆ ಹೋದವರಿಗೆ ಊರೂರಲ್ಲಿ ಸೊಟ್ಟಗಾಲಿನ ಮಕ್ಕಳು ಕಂಡರು. ಅಲ್ಲೂ ನಮ್ಮ ಹಾಗೇ ಬಿಸಿಲು. ಊಟ ಬರೀ ಅನ್ನ, ಹಾಲು ಅಪರೂಪ. ಆಫ್ರಿಕದ ನೈಜೀರಿಯಾದಲ್ಲಿ ಇಂಥ ಮಕ್ಕಳಿಗೆ ಬರೀ ಡಿ ಕೊಟ್ಟದ್ದಕ್ಕಿಂತ ಕ್ಯಾಲ್ಸಿಯಂ ಕೊಟ್ಟಾಗ ಚೆನ್ನಾಗಿ ವಾಸಿಯಾಯಿತು ಅಂತ 1999ರಲ್ಲಿ ಪ್ರಕಟವಾಗಿದೆ.

ನಮ್ಮಲ್ಲಿ ರಾಗಿ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಅದು ನಮ್ಮ ಪುಣ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಬೇರೆ ಯಾವ ಧಾನ್ಯವೂ ಹತ್ತಿರಕ್ಕೆ ಬರೋದಿಲ್ಲ. ಅಕ್ಕಿಯಲ್ಲಿ ಹತ್ತಿರ ಹತ್ತಿರ 10 ಮಿಲಿಗ್ರಾಂ ಅಷ್ಟೇ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಬೇಕು. ಆದರೆ ಪುಟ್ಟ ಮಗು ಎಷ್ಟು ಮುದ್ದೆ ನುಂಗುತ್ತೆ? ಜೊತೆಗೆ ರಾಗಿಯ ಹೊಟ್ಟಿನಲ್ಲಿ ಫೈಟೇಟ್ ಅನ್ನೋ ಅಂಶ ಇದ್ದು, ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಪೂರ್ತಿ ಬಿಟ್ಟುಕೊಡೋದಿಲ್ಲ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಬೀಸಿದರೆ ಅದು ಕಮ್ಮಿಯಾಗುತ್ತೆ. ನಮ್ಮ ಅಜ್ಜಿಯರು ಮಾಡ್ತಿದ್ದ ರಾಗಿ ಸರಿ ಅದೇ. ಅವರಿಗೆ ಫೈಟೇಟ್ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಈಗ ಅಂಗಡಿಯಿಂದ ಬಣ್ಣದ ಡಬ್ಬಿ ತರೋದು ದೊಡ್ಡಸ್ತಿಕೆಯಾಗಿದೆ, ಅದನ್ನ ಇನ್ನೊಂದು ದಿನ ಮಾತಾಡೋಣ. ನುಗ್ಗೆ ಸೊಪ್ಪಿನಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚಿದೆ, ಎಳ್ಳಿನಲ್ಲಿ ಸಾವಿರಕ್ಕೂ ಹೆಚ್ಚು. ಹಾಲಿನಲ್ಲಿ 100 ಮಿಲಿಗೆ ಸುಮಾರು 120. ಎರಡು ಲೋಟ ಹಾಲು ಅಂದರೆ ಮಗುವಿನ ಲೆಕ್ಕ ಹೆಚ್ಚುಕಮ್ಮಿ ಮುಗಿದಂತೆ, ಮತ್ತು ಹಾಲಿನದು ಸಲೀಸಾಗಿ ಮೈಗೆ ಹತ್ತುತ್ತೆ. ಒಂದು ಎಚ್ಚರಿಕೆ, ಒಂದು ವರ್ಷ ತುಂಬೋವರೆಗೆ ತಾಯಿಹಾಲಿನ ಜಾಗಕ್ಕೆ ಹಸುವಿನ ಹಾಲು ಹಾಕಬೇಡಿ. ಆಮೇಲೆ ಕೊಡಿ. ಕಾಫಿ, ಟೀ ಮಾಡಿ ಅಲ್ಲ, ಹಾಲಾಗಿ, ಮೊಸರಾಗಿ, ಮಜ್ಜಿಗೆಯಾಗಿ ಕೊಡಿ.

ಎಲ್ಲ ಸೊಟ್ಟಗಾಲೂ ರಿಕೆಟ್ಸ್ ಅಲ್ಲ ಅನ್ನೋದನ್ನೂ ಹೇಳಬೇಕು, ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಊರಿನ ಮಕ್ಕಳೆಲ್ಲ ಆಸ್ಪತ್ರೆ ಬಾಗಿಲಲ್ಲಿ ನಿಲ್ಲುತ್ತಾರೆ. ಎರಡು ವರ್ಷದವರೆಗೆ ಮಕ್ಕಳ ಕಾಲು ಸ್ವಲ್ಪ ಹೊರಕ್ಕೆ ಬಾಗಿರೋದು ಸಹಜ. ಮೂರು ನಾಲ್ಕು ವರ್ಷಕ್ಕೆ ಮಂಡಿ ಸ್ವಲ್ಪ ಒಳಕ್ಕೆ ಕೂಡೋದೂ ಸಹಜ, ಏಳು ವರ್ಷದ ಹೊತ್ತಿಗೆ ತಾನೇ ನೇರವಾಗುತ್ತೆ. ಬಾಗು ಹೆಚ್ಚುತ್ತಾ ಹೋದರೆ, ಒಂದೇ ಕಾಲು ಬಾಗಿದರೆ, ಮಣಿಕಟ್ಟು ದಪ್ಪವಾದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಪದೇ ಪದೇ ನ್ಯುಮೋನಿಯಾ ಆದರೆ ತೋರಿಸಲೇಬೇಕು. ಎದೆಗೂಡೇ ಮೆತ್ತಗಿದ್ದರೆ ಕಫ ಕೆಮ್ಮಿ ತೆಗೆಯೋ ಶಕ್ತಿ ಮಗುವಿಗಿರೋದಿಲ್ಲ. ಹೆಣ್ಣುಮಕ್ಕಳಿಗೆ ಸೊಂಟದ ಮೂಳೆ ಹಾಗೇ ಸೊಟ್ಟವಾಗಿ ಉಳಿದರೆ ಮುಂದೆ ಹೆರಿಗೆಗೆ ಕಷ್ಟ.

ಪಾವಗಡ ಕಡೆ, ಕೋಲಾರ ಕಡೆ ನೆಂಟರಿರೋರಿಗೆ ಫ್ಲೋರೈಡ್ ನೀರಿನ ವಿಷಯ ಗೊತ್ತು. ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತೆ, ಮೂಳೆಗೂ ತೊಂದರೆ. ನಲ್ಗೊಂಡ ಜಿಲ್ಲೆಯಲ್ಲಿ ಅಂಥ ನೀರು ಕುಡಿದ ಹುಡುಗರ ಮಂಡಿ ಒಳಕ್ಕೆ ಬಾಗಿದ್ದನ್ನ ಹೈದರಾಬಾದಿನ ವಿಜ್ಞಾನಿಗಳು 1973ರಲ್ಲೇ ಬರೆದಿದ್ದಾರೆ. ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿ ಇದ್ದ ಮಕ್ಕಳಿಗೆ ಅದರ ಏಟು ಹೆಚ್ಚು. ಆದ್ದರಿಂದ ನೀರು ಪರೀಕ್ಷೆ ಮಾಡಿಸೋದೂ ಇದರ ಜೊತೆಗೇ ಬರುತ್ತೆ. ಇನ್ನು ಕೆಲವು ಮಕ್ಕಳಿಗೆ ವಂಶದಿಂದ, ಮೂತ್ರಪಿಂಡದ ತೊಂದರೆಯಿಂದ ಬರೋ ರಿಕೆಟ್ಸ್ ಬೇರೆ. ಮೂರು ತಿಂಗಳು ಸರಿಯಾಗಿ ಔಷಧ ಕೊಟ್ಟರೂ ಎಕ್ಸ್‌ರೇ ಸುಧಾರಿಸದಿದ್ದರೆ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು.

ನಮ್ಮ ಮಗಳಿಗೆ ದಿನಾ ಡಿ ಹನಿ, ಕ್ಯಾಲ್ಸಿಯಂ ಔಷಧ ಕೊಟ್ಟರು. ಖರ್ಚು ಎಷ್ಟು ಅಂತೀರಾ, ಹಸುವಿಗೆ ಒಂದು ಸಲ ಡಾಕ್ಟರು ಬಂದು ಹೋದಷ್ಟೂ ಆಗಲಿಲ್ಲ. ಮೂರು ತಿಂಗಳಿಗೆ ಇನ್ನೊಂದು ಎಕ್ಸ್‌ರೇ ತೆಗೆದರು, ಹರಿದ ಅಂಚಿನಲ್ಲಿ ಬಿಳೀ ಗೆರೆ ಮೂಡಿತ್ತು. ಅಷ್ಟರೊಳಗೆ ಅವಳು ಜಗಲಿ ಇಳಿದು ಕೊಟ್ಟಿಗೆ ತನಕ ನಡೆದುಕೊಂಡು ಬರುತ್ತಿದ್ದಳು. ಕಾಲು ನೇರವಾಗೋಕೆ ಮಾತ್ರ ಎರಡು ವರ್ಷಕ್ಕೂ ಮೇಲಾಯಿತು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಶುರುವಾಗಿ ಶಾಲೆ, ಅಂಗನವಾಡಿಯಲ್ಲಿ ಹಾಲು ಕೊಟ್ಟಾಗ, ನಾವು ಹಾಕಿದ ಹಾಲೇ ಸುತ್ತಿ ಬಳಸಿ ಪುಡಿಯಾಗಿ ನಮ್ಮ ಮಕ್ಕಳ ಲೋಟಕ್ಕೆ ವಾಪಸು ಬಂತಲ್ಲ ಅಂತ ನಗು ಬಂತು. ನಾಚಿಕೆಯೂ ಆಯಿತು. ಈಗ ಅವಳು ಬಸ್ಸಿಗೆ ಓಡಿ ಕಾಲೇಜಿಗೆ ಹೋಗುತ್ತಾಳೆ. ಈ ಭಾಷಣದಲ್ಲಿ ಅವಳ ವಿಷಯ ಹೇಳಲಾ ಅಂತ ಕೇಳಿಯೇ ಬಂದಿದ್ದೇನೆ. "ಹಾಲಿನ ಲೆಕ್ಕ ಮಾತ್ರ ಸರಿಯಾಗಿ ಹೇಳಪ್ಪ" ಅಂದಳು.

ಕೊನೆಗೆ ಆಡಳಿತ ಮಂಡಳಿಯ ಮುಂದೆ ಎರಡು ಮಾತು ಇಡುತ್ತೇನೆ. ಹಾಲು ಹೆಚ್ಚು ಹಾಕಿದವರಿಗೆ ವರ್ಷ ವರ್ಷ ಬಹುಮಾನ ಕೊಡುತ್ತೇವೆ. ತಪ್ಪಲ್ಲ, ನಾನೂ ಒಂದು ಸಲ ಸ್ಟೀಲ್ ಕೊಡಪಾನ ತಗೊಂಡಿದ್ದೇನೆ, ಮಗಳಿಗೆ ಕಾಯಿಲೆ ಇದ್ದ ವರ್ಷವೇ. ಆ ಬಹುಮಾನದ ಜೊತೆಗೆ, ಐದು ವರ್ಷದೊಳಗಿನ ಮಕ್ಕಳಿರೋ ಸದಸ್ಯರ ಮನೆಗೆ ಅರ್ಧ ಲೀಟರಿನ ಒಂದು ಅಳತೆ ಪಾತ್ರೆ ಸಂಘದ ಲಾಭಾಂಶದಿಂದ ಕೊಡೋಣ. ಕರೆದ ಕೂಡಲೇ ಅದು ತುಂಬಿದ ಮೇಲೆಯೇ ಉಳಿದದ್ದು ಕ್ಯಾನಿಗೆ. ಹಾಲಿನ ಶೇಖರಣೆ ಕಮ್ಮಿಯಾಗುತ್ತೆ ಅಂತ ಕಾರ್ಯದರ್ಶಿಗಳು ನನ್ನ ಕಡೆ ನೋಡುತ್ತಿದ್ದಾರೆ. ಆಗುತ್ತೆ, ಸ್ವಲ್ಪ ಕಮ್ಮಿಯಾಗುತ್ತೆ. ಎರಡನೇದು, ತಿಂಗಳಿಗೊಂದು ದಿನ ಅಂಗನವಾಡಿಯಲ್ಲಿ ತೂಕ ನೋಡೋವಾಗ ಮಕ್ಕಳ ಮಣಿಕಟ್ಟನ್ನೂ ನೋಡಿ ಅಂತ ಮೇಡಂ ಅವರನ್ನ ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಅನುಮಾನ ಇದ್ದ ಮಗುವನ್ನ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯೋ ಆಟೋ ಬಾಡಿಗೆ ಸಂಘ ಕೊಡಲಿ.

ಊಟಕ್ಕೆ ಎಲೆ ಹಾಕಿದ್ದಾರೆ ಅಂತ ಸನ್ನೆ ಬರುತ್ತಿದೆ. ಊಟವಾದ ಮೇಲೆ ಆಶಾ ಅಕ್ಕ ಅರಳಿಕಟ್ಟೆ ಹತ್ತಿರ ಕೂತಿರುತ್ತಾರೆ. ನಡೆಯೋದು ತಡವಾದ ಮಕ್ಕಳು ಯಾರ ಮನೆಯಲ್ಲಿದ್ದರೂ ಸಂಕೋಚ ಪಡದೆ ಕರೆದುಕೊಂಡು ಬನ್ನಿ. ನಾನೂ ಅಲ್ಲೇ ಇರುತ್ತೇನೆ.